ಪ್ರಾಧ್ಯಾಪಕರಿಗೆ ಪೇಟೆಂಟ್: ಕರಾವಳಿಯ ಈ ಸುದ್ದಿಯನ್ನು ಓದುವುದು ಹೇಗೆ?

ಮಂಗಳೂರು, ಉಡುಪಿಯ ಪತ್ರಿಕೆಗಳ ಸ್ಥಳೀಯ ಪುಟದಲ್ಲಿ ಈಗ ಒಂದು ಬಗೆಯ ಸುದ್ದಿ ಆಗಾಗ ಕಣ್ಣಿಗೆ ಬೀಳುತ್ತದೆ. ‘ಕಾಲೇಜಿನ ಪ್ರಾಧ್ಯಾಪಕರಿಗೆ ಪೇಟೆಂಟ್’ ಎಂಬ ಶೀರ್ಷಿಕೆ, ಪಾಸ್‌ಪೋರ್ಟ್ ಸೈಜಿನ ಫೋಟೊ, ಕೊನೆಯಲ್ಲಿ ಆಡಳಿತ ಮಂಡಳಿಯ ಅಭಿನಂದನೆ. ಕೆಲವು ಸಲ ಒಂದೇ ಪೇಟೆಂಟಿಗೆ ಎಂಟು ಹತ್ತು ಜನ. ಅದರಲ್ಲಿ ಒಬ್ಬರು ನಮ್ಮ ಊರಿನವರು, ಉಳಿದವರು ಬೇರೆ ಬೇರೆ ರಾಜ್ಯದವರು.

ಓದಿದವರಿಗೆ ಒಂದು ಅನುಮಾನ ಬರುತ್ತದೆ. ಇಷ್ಟೊಂದು ಹೊಸ ಶೋಧ ಆಗುತ್ತಿದ್ದರೆ ಆ ಯಂತ್ರಗಳು, ಆ ಔಷಧಗಳು ಎಲ್ಲಿ? ಬೈಕಂಪಾಡಿಯ ಯಾವ ಕಾರ್ಖಾನೆಯಲ್ಲಿ ತಯಾರಾಗುತ್ತಿವೆ? ಅನುಮಾನ ಸರಿಯಾದದ್ದೇ. ಆದರೆ ಉತ್ತರ ‘ಎಲ್ಲ ಸುಳ್ಳು’ ಅನ್ನುವಷ್ಟು ಸುಲಭವಾಗಿಲ್ಲ. ಇದರ ಹಿಂದೆ ಒಂದು ಕಾಯ್ದೆ ಇದೆ, ಶುಲ್ಕದ ಪಟ್ಟಿ ಇದೆ, ರ್‍ಯಾಂಕಿಂಗಿನ ಅಂಕ ಇದೆ. ಇದನ್ನೆಲ್ಲ ಓದಿ ಹೇಳಬಲ್ಲ ಕಾನೂನು ಪ್ರಾಧ್ಯಾಪಕರು ಮಾತ್ರ ಹೆಚ್ಚಿನ ಕಡೆ ಈ ಪ್ರಕ್ರಿಯೆಯ ಹೊರಗೇ ಇರುತ್ತಾರೆ.

ಅರ್ಜಿಯಿಂದ ಹಕ್ಕಿನವರೆಗೆ

ಪೇಟೆಂಟ್ ಅಂದರೆ ಹೊಸ ಶೋಧವನ್ನು ಬೇರೆಯವರು ಅನುಮತಿ ಇಲ್ಲದೆ ಬಳಸದಂತೆ ತಡೆಯುವ ಹಕ್ಕು. ಮೊದಲು ಅದು ಸಿಗುವ ಪ್ರಕ್ರಿಯೆ ನೋಡೋಣ. ಕರ್ನಾಟಕದ ಪೇಟೆಂಟ್ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಅರ್ಜಿ ಸೇರಿದ ಕೂಡಲೇ ಒಂದು ಸಂಖ್ಯೆ ಸಿಗುತ್ತದೆ. 202441 ಎಂದು ಶುರುವಾದರೆ 2024ರಲ್ಲಿ ಹಾಕಿದ್ದು, 4 ಅಂದರೆ ಚೆನ್ನೈ, 1 ಅಂದರೆ ಸಾಮಾನ್ಯ ಅರ್ಜಿ. ಅದರ ಮುಂದೆ ಆರು ಅಂಕಿಗಳ ಕ್ರಮಸಂಖ್ಯೆ.

ಅರ್ಜಿ ಹಾಕಿ 18 ತಿಂಗಳಾದ ಮೇಲೆ ಅದು ತಾನಾಗಿ ಪೇಟೆಂಟ್ ಕಚೇರಿಯ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಈ ಜರ್ನಲ್ ಪ್ರತಿ ಶುಕ್ರವಾರ ಬರುತ್ತದೆ. ಪ್ರಕಟಿಸುವ ಮೊದಲು ‘ಇದು ಹೊಸತೇ? ಬೇರೆ ಯಾರಾದರೂ ಇದನ್ನು ಮಾಡಿದ್ದಾರೆಯೇ?’ ಎಂದು ಯಾರೂ ಪರೀಕ್ಷಿಸುವುದಿಲ್ಲ. ಪರೀಕ್ಷೆ ಬೇಕಿದ್ದರೆ ಅರ್ಜಿದಾರರು ಬೇರೆ ಶುಲ್ಕ ಕಟ್ಟಿ ಕೋರಿಕೆ ಸಲ್ಲಿಸಬೇಕು. ಆಮೇಲೆ ಪರೀಕ್ಷಕರು ಆಕ್ಷೇಪಗಳ ಪಟ್ಟಿ ಕಳಿಸುತ್ತಾರೆ. ಅದಕ್ಕೆ ಆರು ತಿಂಗಳೊಳಗೆ ಉತ್ತರ ಕೊಡಬೇಕು, ಕೇಳಿಕೊಂಡರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಉತ್ತರ ಒಪ್ಪಿಗೆಯಾದರೆ ಮಾತ್ರ ಪೇಟೆಂಟ್. ಉತ್ತರವನ್ನೇ ಕೊಡದಿದ್ದರೆ ಅರ್ಜಿ ಕೈಬಿಟ್ಟ ಹಾಗೆ. ಪರೀಕ್ಷೆಯನ್ನೇ ಕೋರದಿದ್ದರೆ ಹಿಂದಕ್ಕೆ ಪಡೆದ ಹಾಗೆ.

ಅಕ್ರಮ ಸಕ್ರಮಕ್ಕೆ ಅರ್ಜಿ ಕೊಟ್ಟು, ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಜಾಗ ನಮ್ಮದಾಗುವುದಿಲ್ಲ ಅಲ್ವಾ? ಇದೂ ಹಾಗೆಯೇ. ಸ್ಥಳೀಯ ಪುಟದಲ್ಲಿ ‘ಪೇಟೆಂಟ್ ಲಭಿಸಿದೆ’ ಎಂದು ಅಚ್ಚಾಗುವ ಎಷ್ಟೋ ಸುದ್ದಿಗಳ ಮೂಲ ಹುಡುಕಿದರೆ ಸಿಗುವುದು ಜರ್ನಲ್‌ನಲ್ಲಿ ಪ್ರಕಟವಾದ ಅರ್ಜಿ ಮಾತ್ರ.

ಹಾಗಂತ ಪ್ರಕಟಣೆಗೆ ಬೆಲೆಯೇ ಇಲ್ಲ ಅಂತಲ್ಲ. ಮುಂದೆ ಪೇಟೆಂಟ್ ಮಂಜೂರಾದರೆ, ಪ್ರಕಟಣೆಯ ದಿನದಿಂದಲೇ ನಕಲು ಮಾಡಿದವರಿಂದ ಪರಿಹಾರ ಕೇಳಬಹುದು. ಆದರೆ ಮಂಜೂರಾಗುವ ತನಕ ಕೋರ್ಟಿಗೆ ಹೋಗುವಂತಿಲ್ಲ. ಮಂಜೂರಾಗದಿದ್ದರೆ ಏನೂ ಇಲ್ಲ.

4,100 ರೂಪಾಯಿಯ ಲೆಕ್ಕ

2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕದಲ್ಲಿ ಶೇ 80ರಷ್ಟು ರಿಯಾಯಿತಿ ಕೊಟ್ಟಿತು. ದೊಡ್ಡ ಕಂಪನಿ 8,000 ರೂಪಾಯಿ ಕಟ್ಟುವ ಕಡೆ ಕಾಲೇಜು 1,600 ಕಟ್ಟಿದರೆ ಸಾಕು. ಉದ್ದೇಶ ಒಳ್ಳೆಯದೇ. ಸಣ್ಣ ಊರಿನ ಕಾಲೇಜಿನ ಪ್ರಯೋಗಾಲಯವೂ ಧೈರ್ಯವಾಗಿ ಅರ್ಜಿ ಹಾಕಲಿ ಎಂಬುದು ಅದರ ಹಿಂದಿನ ಆಲೋಚನೆ.

ನಿಯಮಗಳಲ್ಲಿ ಇನ್ನೊಂದು ದಾರಿಯೂ ಇದೆ. 18 ತಿಂಗಳು ಕಾಯಲು ಮನಸ್ಸಿಲ್ಲದವರು ಫಾರ್ಮ್ 9 ಕೊಟ್ಟು, 2,500 ರೂಪಾಯಿ ಕಟ್ಟಿದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಅರ್ಜಿ ಪ್ರಕಟವಾಗುತ್ತದೆ. ಎರಡೂ ಸೇರಿ ಸರ್ಕಾರಿ ಶುಲ್ಕ 4,100 ರೂಪಾಯಿ. ಅರ್ಜಿ ಸಿದ್ಧಪಡಿಸಿ ಹಾಕಿಕೊಡುವ ಏಜೆಂಟರ ಫೀಸು ಬೇರೆ. ಇಷ್ಟು ಖರ್ಚು ಮಾಡಿದರೆ ಅಧಿಕೃತ ಜರ್ನಲ್‌ನಲ್ಲಿ ಹೆಸರು, ಸಂಖ್ಯೆ, ದಿನಾಂಕ ಎಲ್ಲವೂ ಬಂದುಬಿಡುತ್ತದೆ. ಅಭಿನಂದನೆಯ ಫ್ಲೆಕ್ಸಿಗೆ ಇದಕ್ಕಿಂತ ಹೆಚ್ಚೇನೂ ಬೇಡ.

ಇಲ್ಲಿಂದ ಮುಂದಿನ ಹಾದಿ ಕಷ್ಟದ್ದು. ಪರೀಕ್ಷೆ ಕೋರಲು 4,000 ರೂಪಾಯಿ. ಆ ಹಣ ದೊಡ್ಡದಲ್ಲ. ಆದರೆ ಪರೀಕ್ಷಕರು ಜಪಾನ್, ಅಮೆರಿಕದ ಹಳೆ ದಾಖಲೆ ಮುಂದಿಟ್ಟು ‘ನಿಮ್ಮದು ಇದಕ್ಕಿಂತ ಹೇಗೆ ಬೇರೆ?’ ಎಂದು ಕೇಳಿದಾಗ ಉತ್ತರ ಬರೆಯಬೇಕಲ್ಲ, ಅದಕ್ಕೆ ಕೆಲಸ ನಿಜವಾಗಿ ಆಗಿರಬೇಕು. ಸುಮ್ನೆ ಹೆಸರು ಸೇರಿಸಿದ ಹತ್ತು ಮಂದಿಯಲ್ಲಿ ಆ ಉತ್ತರ ಬರೆಯುವವರು ಯಾರು?

ಇದರ ಜೊತೆಗೆ ‘ಯುಕೆ ಪೇಟೆಂಟ್’ ಎಂಬ ಹೊಸ ಸರಕೂ ಬಂದಿದೆ. ಕೆಲವೇ ವಾರದಲ್ಲಿ ಕೈಗೆ ಬರುವ ಚಂದದ ಪ್ರಮಾಣಪತ್ರ, ಅದರ ಮೇಲೆ ಬ್ರಿಟನ್ನಿನ ಮುದ್ರೆ. ಇದರಲ್ಲಿ ಹೆಚ್ಚಿನವು ಪೇಟೆಂಟ್ ಅಲ್ಲವೇ ಅಲ್ಲ, ಡಿಸೈನ್ ನೋಂದಣಿ. ಅಂದರೆ ವಸ್ತುವಿನ ಹೊರ ಆಕಾರಕ್ಕೆ ಮಾತ್ರ ರಕ್ಷಣೆ, ಅದು ಕೆಲಸ ಮಾಡುವ ವಿಧಾನಕ್ಕೆ ಅಲ್ಲ. ಆ ದೇಶದ ಕಚೇರಿ ನೋಂದಣಿಗೆ ಮುಂಚೆ ಡಿಸೈನ್ ಹೊಸದೋ ಅಲ್ಲವೋ ಎಂದು ಹುಡುಕುವುದೂ ಇಲ್ಲ. ಒಂದು ಡಬ್ಬಿಯ ಚಿತ್ರ ಬರೆದು ಅದಕ್ಕೆ ‘ಎಐ ಆಧಾರಿತ ರೋಗ ಪತ್ತೆ ಸಾಧನ’ ಎಂದು ಹೆಸರಿಟ್ಟರೂ ನೋಂದಣಿ ಆಗಬಹುದು.

ಅಂಕ ಎಲ್ಲಿಂದ ಬರುತ್ತದೆ?

ಹಾಗಾದರೆ ಇಷ್ಟು ಅವಸರ ಯಾಕೆ? ಉತ್ತರ ಅಂಕಪಟ್ಟಿಯಲ್ಲಿದೆ.

ಕೇಂದ್ರದ ಎನ್‌ಐಆರ್‌ಎಫ್ ರ್‍ಯಾಂಕಿಂಗಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ಸಂಶೋಧನೆಗೆ ನೂರು ಅಂಕ. ಅದರಲ್ಲಿ 15 ಅಂಕ ಪೇಟೆಂಟಿಗೆ: ಮಂಜೂರಾದದ್ದಕ್ಕೆ 10, ಬರೀ ಪ್ರಕಟವಾದದ್ದಕ್ಕೆ 5. ಸಂಶೋಧನೆಯ ಭಾಗಕ್ಕೆ ಒಟ್ಟು ಲೆಕ್ಕದಲ್ಲಿ ಶೇ 30ರ ತೂಕ ಇರುವುದರಿಂದ, ಪ್ರಕಟಣೆಯಿಂದ ಕೊನೆಗೆ ಸಿಗುವುದು ಹೆಚ್ಚೆಂದರೆ ಒಂದೂವರೆ ಅಂಕ. ಇಷ್ಟೇನಾ ಅನ್ನಿಸಬಹುದು. ಆದರೆ ಪಟ್ಟಿಯ ನಡುಭಾಗದಲ್ಲಿ ಕಾಲೇಜುಗಳು ಒತ್ತೊತ್ತಾಗಿರುತ್ತವೆ, ಅಲ್ಲಿ ಅರ್ಧ ಅಂಕವೂ ಸ್ಥಾನ ಬದಲಿಸುತ್ತದೆ. ಸ್ಥಾನ ಮೇಲಕ್ಕೆ ಹೋದರೆ ಜಾಹೀರಾತಿಗೆ ಬರುತ್ತದೆ, ಜಾಹೀರಾತಿನಿಂದ ಸೀಟು ತುಂಬುತ್ತದೆ.

ಇನ್ನೊಂದು ವಿಷಯ ಇದೆ. ಈ ಅಂಕವನ್ನು ಉಳಿದ ಸಂಸ್ಥೆಗಳ ಜೊತೆ ಹೋಲಿಸಿ ಕೊಡುತ್ತಾರೆ. ಪಕ್ಕದ ಕಾಲೇಜು ಈ ವರ್ಷ ಐವತ್ತು ಅರ್ಜಿ ಪ್ರಕಟಿಸಿದರೆ, ಕಳೆದ ವರ್ಷದಷ್ಟೇ ಅರ್ಜಿ ಹಾಕಿದ ನಿಮ್ಮ ಕಾಲೇಜು ಏನೂ ತಪ್ಪು ಮಾಡದೆ ಹಿಂದೆ ಬೀಳುತ್ತದೆ. ಹಾಗಾಗಿ ಒಬ್ಬರು ಓಡಿದರೆ ಎಲ್ಲರೂ ಓಡಲೇಬೇಕು. ಮಂಗಳೂರಿನಿಂದ ಮಣಿಪಾಲದವರೆಗೆ ಹೆದ್ದಾರಿಯ ಎರಡೂ ಬದಿ ಕಾಲೇಜುಗಳೇ ತುಂಬಿರುವ ನಮ್ಮ ಕಡೆ ಈ ಒತ್ತಡ ಸ್ವಲ್ಪ ಜಾಸ್ತಿಯೇ.

ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ಮೌಲ್ಯಮಾಪನವೂ ಪ್ರಕಟವಾದ ಮತ್ತು ಮಂಜೂರಾದ ಪೇಟೆಂಟ್‌ಗಳನ್ನು ಒಂದೇ ಸಾಲಿನಲ್ಲಿ ಕೇಳಿಕೊಂಡು ಬಂದಿದೆ. ಅಧ್ಯಾಪಕರ ಮಟ್ಟದಲ್ಲಿ 2018ರ ಯುಜಿಸಿ ನಿಯಮ ಇದೆ. ಪ್ರೊಫೆಸರ್ ಹುದ್ದೆಗೆ ಕನಿಷ್ಠ 120 ಸಂಶೋಧನಾ ಅಂಕ ಬೇಕು. ಅದರಲ್ಲಿ ದೇಶದ ಪೇಟೆಂಟಿಗೆ 7, ಅಂತರರಾಷ್ಟ್ರೀಯ ಪೇಟೆಂಟಿಗೆ 10. ಯುಕೆ ಪ್ರಮಾಣಪತ್ರಕ್ಕೆ ಗಿರಾಕಿಗಳು ಹುಟ್ಟಿದ್ದು ಈ ಹತ್ತರಿಂದ. ವಾರಕ್ಕೆ ಹದಿನಾರು ಗಂಟೆ ಪಾಠ ಮಾಡಿ, ಪೇಪರ್ ತಿದ್ದಿ, ಅಡ್ಮಿಶನ್ ಸಮಯದಲ್ಲಿ ಪಿಯು ಕಾಲೇಜುಗಳಿಗೂ ಅಲೆಯುವ ಅಧ್ಯಾಪಕರಿಗೆ ಪ್ರಯೋಗ ಮಾಡಲು ಪುರುಸೊತ್ತು ಎಲ್ಲಿ? ‘ಸಹ ಸಂಶೋಧಕರ ಜಾಗ ಖಾಲಿ ಇದೆ’ ಎಂಬ ವಾಟ್ಸ್ಆ್ಯಪ್ ಸಂದೇಶ ಬರುವುದು ಇಂಥ ಹೊತ್ತಿನಲ್ಲೇ. ಶೋಧಕರು ಯಾರೆಂದು ಅರ್ಜಿಯ ಜೊತೆ ಘೋಷಿಸಬೇಕು ಎಂದು ಪೇಟೆಂಟ್ ಕಾಯ್ದೆ ಹೇಳುತ್ತದೆ. ದುಡ್ಡು ಕೊಟ್ಟು ಹೆಸರು ಸೇರಿಸಿದರೆ ಅದು ಸುಳ್ಳು ಘೋಷಣೆ.

ಕಾಲೇಜುಗಳ ವಾದದಲ್ಲೂ ಹುರುಳಿದೆ

ಆಡಳಿತ ಮಂಡಳಿಗಳ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ನಮ್ಮ ವಿಶ್ವವಿದ್ಯಾಲಯಗಳು ದಶಕಗಳ ಕಾಲ ಪ್ರಬಂಧ ಬರೆದು ಸುಮ್ಮನಾದವು. ಶೋಧದಿಂದ ಲಾಭ ಬೇರೆಯವರು ಮಾಡಿಕೊಂಡರು. ಈಗ ಕನಿಷ್ಠ ಅರ್ಜಿ ಹಾಕುವ ಅಭ್ಯಾಸವಾದರೂ ಬಂದಿದೆ. ನೂರು ಅರ್ಜಿಯಲ್ಲಿ ಐದು ಗಟ್ಟಿಯಾಗಿದ್ದರೂ ಸಾಕು, ಮೊದಲಿಗೆ ಅಭ್ಯಾಸ ಬೆಳೆಯಲಿ ಎನ್ನುವುದು ಅವರ ವಾದ.

ದೇಶದ ಅಂಕಿಗಳೂ ಮೇಲ್ನೋಟಕ್ಕೆ ಅವರ ಕಡೆಗೇ ಮಾತಾಡುತ್ತವೆ. 2023-24ರಲ್ಲಿ ದೇಶದಲ್ಲಿ 92,168 ಪೇಟೆಂಟ್ ಅರ್ಜಿ ಬಂದವು. ಅರ್ಧಕ್ಕಿಂತ ಜಾಸ್ತಿ ಅರ್ಜಿಗಳು ಭಾರತೀಯರವು, ಹಿಂದೆ ಹಾಗಿರಲಿಲ್ಲ. ಅದೇ ವರ್ಷ ಮಂಜೂರಾದದ್ದು 1,03,057. ಬಂದ ಅರ್ಜಿಗಿಂತ ಮಂಜೂರಾತಿ ಜಾಸ್ತಿ ಆಗಿದ್ದು ಹೇಗೆ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ವರ್ಷಗಟ್ಟಲೆ ಬಾಕಿ ಉಳಿದಿದ್ದ ಕಡತಗಳು ಆ ವರ್ಷ ವಿಲೇವಾರಿಯಾದವು, ಅಷ್ಟೇ. ಅಂದರೆ ಆ ಮಂಜೂರಾತಿಗಳು ಬಹುತೇಕ ಹಿಂದಿನ ವರ್ಷಗಳ ಫಸಲು. ರಿಯಾಯಿತಿ ಬಂದ ಮೇಲೆ ಕಾಲೇಜುಗಳು ಹಾಕಿದ ಅರ್ಜಿಗಳ ಗುಣಮಟ್ಟದ ಬಗ್ಗೆ ಆ ದೊಡ್ಡ ಸಂಖ್ಯೆ ಏನೂ ಹೇಳುವುದಿಲ್ಲ.

ಕ್ಲೇಮ್ ಹೇಗೆ ಬರೆದಿದ್ದಾರೆ?

ಪೇಟೆಂಟ್ ಅರ್ಜಿಯ ಜೀವ ಇರುವುದು ಕ್ಲೇಮ್‌ಗಳಲ್ಲಿ. ‘ನನ್ನ ಹಕ್ಕು ಇಲ್ಲಿಂದ ಇಲ್ಲಿಯವರೆಗೆ’ ಎಂದು ಗಡಿ ಹಾಕುವ ವಾಕ್ಯಗಳು ಅವು. ನಮ್ಮ ಕಡೆಯ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಿ. ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆಯಿಂದ ಪಟೋರ, ಕರಿಗೋಟು ಎಂಬ ಕಳಪೆ ಅಡಿಕೆಯನ್ನು ಬೇರೆ ಮಾಡುವ ಯಂತ್ರಕ್ಕೆ ಅರ್ಜಿ ಹಾಕಬೇಕು ಎಂದಿಟ್ಟುಕೊಳ್ಳೋಣ.

ಅವಸರದ ಅರ್ಜಿಯಲ್ಲಿ ಕ್ಲೇಮ್ ಹೀಗಿರುತ್ತದೆ: ಒಂದು ಕ್ಯಾಮೆರಾ, ಒಂದು ಬೆಲ್ಟ್, ಒಂದು ಕಂಪ್ಯೂಟರ್, ಚಿತ್ರ ನೋಡಿ ವಿಂಗಡಿಸುವ ಎಐ, ಮೊಬೈಲಿಗೆ ಸಂದೇಶ, ಮೇಲೊಂದು ಸೋಲಾರ್ ಫಲಕ. ಇದರಲ್ಲಿ ಒಂದೊಂದೂ ಹಳೆಯದೇ. ಸೇರಿಸಿದ್ದರಲ್ಲೂ ಹೊಸತು ಏನೂ ಇಲ್ಲ. ಈ ಕ್ಷೇತ್ರ ಬಲ್ಲ ಯಾರಿಗೂ ಸುಲಭವಾಗಿ ಹೊಳೆಯುವ ಜೋಡಣೆಗೆ ಪೇಟೆಂಟ್ ಇಲ್ಲ. ಅದರ ಮೇಲೆ, ಬರೀ ಕಂಪ್ಯೂಟರ್ ಪ್ರೋಗ್ರಾಂ ಅಥವಾ ಅಲ್ಗಾರಿದಮ್‌ಗೆ ಪೇಟೆಂಟ್ ಕೊಡುವಂತಿಲ್ಲ ಎನ್ನುವ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಬೇರೆ ಕಾದು ಕುಳಿತಿರುತ್ತದೆ.

ಕೆಲಸ ಮಾಡಿ ಬಂದವರ ಕ್ಲೇಮ್ ಬೇರೆಯೇ ಇರುತ್ತದೆ. ಅಡಿಕೆಯ ಹೊರಮೈಗೆ ಯಾವ ಕೋನದಿಂದ ಬೆಳಕು ಬಿದ್ದರೆ ಒಳಗಿನ ಹಾಳು ಗೊತ್ತಾಗುತ್ತದೆ, ಮಳೆಗಾಲದ ತೇವ ಇದ್ದಾಗ ಆ ಕೋನ ಎಷ್ಟು ಬದಲಾಗಬೇಕು, ಬೆಲ್ಟಿನ ಮೇಲೆ ಅಡಿಕೆ ಹೊರಳಲು ಎಂಥ ಗೀರು ಬೇಕು. ಹಕ್ಕು ಚಿಕ್ಕದು, ಆದರೆ ಗಟ್ಟಿ. ಯಂತ್ರ ತಯಾರಿಸುವವರು ದುಡ್ಡು ಕೊಟ್ಟು ಪರವಾನಗಿ ಪಡೆಯುವುದು ಇಂಥದ್ದಕ್ಕೆ.

ಗಿಡಮೂಲಿಕೆಯ ಅರ್ಜಿಗಳದ್ದು ಇನ್ನೊಂದು ಕಥೆ. ಕರಾವಳಿಯಲ್ಲಿ ಫಾರ್ಮಸಿ, ಆಯುರ್ವೇದ ಕಾಲೇಜುಗಳು ಬೇಕಾದಷ್ಟಿವೆ. ನಾಲ್ಕು ಗಿಡದ ರಸ ಸೇರಿಸಿದ ಲೇಪಕ್ಕೆ ಅರ್ಜಿ ಹಾಕಿದರೆ ಎರಡು ಗೋಡೆ ಎದುರಾಗುತ್ತವೆ. ಸುಮ್ಮನೆ ಬೆರಕೆ ಮಾಡಿದ್ದಕ್ಕೆ ಪೇಟೆಂಟ್ ಇಲ್ಲ ಎನ್ನುವ ಸೆಕ್ಷನ್ 3(ಇ), ಪಾರಂಪರಿಕ ಜ್ಞಾನಕ್ಕೆ ಇಲ್ಲ ಎನ್ನುವ 3(ಪಿ). ಇಷ್ಟು ಸಾಲದೆ ಜೀವವೈವಿಧ್ಯ ಕಾಯ್ದೆಯೂ ಇದೆ. ಇಲ್ಲಿನ ಜೈವಿಕ ಸಂಪನ್ಮೂಲ ಬಳಸಿದ ಶೋಧವಾದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಮುಂದೆ ಹೋಗಬೇಕು. ಅರ್ಜಿ ಪ್ರಕಟವಾದಾಗ ಈ ಯಾವ ಪ್ರಶ್ನೆಯೂ ಎದ್ದಿರುವುದಿಲ್ಲ. ಎದ್ದಾಗ ಪತ್ರಿಕೆಯಲ್ಲಿ ಸುದ್ದಿ ಬರುವುದಿಲ್ಲ.

ಬೇಗ ಪ್ರಕಟಿಸಿದರೆ ನಷ್ಟ ಯಾರಿಗೆ?

ಕೇಳಿದರೆ ವಿಚಿತ್ರ ಅನ್ನಿಸಬಹುದು, ಅವಸರದ ಪ್ರಕಟಣೆಯಿಂದ ಪೆಟ್ಟು ಬೀಳುವುದು ಕೆಲಸ ಮಾಡುವ ಪ್ರಾಧ್ಯಾಪಕರಿಗೇ. ಪೇಟೆಂಟಿಗೆ ಮೊದಲ ಷರತ್ತು ಹೊಸತನ. ಅರ್ಜಿ ಪ್ರಕಟವಾದ ಕ್ಷಣದಿಂದ ಅದರಲ್ಲಿರುವುದೆಲ್ಲ ಜಗತ್ತಿಗೆ ಗೊತ್ತಿರುವ ವಿಷಯವಾಯಿತು. ಅರೆಬೆಂದ ಯೋಚನೆಯನ್ನು ಒಂದೇ ತಿಂಗಳಲ್ಲಿ ಪ್ರಕಟಿಸಿ, ಎರಡು ವರ್ಷದ ಮೇಲೆ ಯಂತ್ರ ನಿಜವಾಗಿ ಓಡತೊಡಗಿದಾಗ ಹೊಸ ಅರ್ಜಿ ಹಾಕಿದರೆ, ಪರೀಕ್ಷಕರು ಮುಂದಿಡುವ ಮೊದಲ ಅಡ್ಡಿ ಅವರದೇ ಹಳೆ ಅರ್ಜಿ. 18 ತಿಂಗಳ ಗುಟ್ಟಿನ ಅವಧಿ ಇರುವುದೇ ಸುಧಾರಿಸಿಕೊಳ್ಳಲು, ವಿದೇಶದಲ್ಲಿ ಅರ್ಜಿ ಹಾಕಲು, ಕಂಪನಿಗಳ ಜೊತೆ ಮಾತಾಡಲು. ಫಾರ್ಮ್ 9 ಕೊಟ್ಟವರು ದುಡ್ಡು ಕೊಟ್ಟು ಆ ಅವಧಿಯನ್ನು ಬಿಟ್ಟುಕೊಡುತ್ತಾರೆ.

ಎರಡನೆಯ ಪೆಟ್ಟು ವಿದ್ಯಾರ್ಥಿಗಳಿಗೆ. ಕೊನೆಯ ವರ್ಷದ ಪ್ರಾಜೆಕ್ಟ್ ಮಾಡಿದ ಹುಡುಗ ಹುಡುಗಿಯರ ಹೆಸರು ಅರ್ಜಿಯಲ್ಲಿ ಇದೆಯೇ, ಹಕ್ಕು ಕಾಲೇಜಿಗೋ ಅವರಿಗೋ ಎಂದು ಕೇಳುವವರು ಕಡಿಮೆ. ಉದ್ಯೋಗಿಯ ಶೋಧ ಯಾರ ಸೊತ್ತು ಎಂದು ನಮ್ಮ ಪೇಟೆಂಟ್ ಕಾಯ್ದೆ ನೇರವಾಗಿ ಹೇಳುವುದಿಲ್ಲ. ಅದು ಒಪ್ಪಂದದ ಮಾತು. ಫೀಸು ಕಟ್ಟಿ ಓದುವ ವಿದ್ಯಾರ್ಥಿ ಉದ್ಯೋಗಿಯೂ ಅಲ್ಲ.

ಕಾನೂನು ಮೇಷ್ಟ್ರ ಕೆಲಸ ಬದಲಾದ ಬಗೆ

ಬೌದ್ಧಿಕ ಆಸ್ತಿಯನ್ನೇ, ಅಂದರೆ ಪೇಟೆಂಟ್, ಕೃತಿಸ್ವಾಮ್ಯದಂಥ ಹಕ್ಕುಗಳನ್ನೇ ಜೀವನದ ವಿಷಯ ಮಾಡಿಕೊಂಡ ಕಾನೂನು ಪ್ರಾಧ್ಯಾಪಕರೊಬ್ಬರ ವೃತ್ತಿಯ ಹಾದಿಯನ್ನು ಇಲ್ಲಿ ನೆನೆಯಬೇಕು. 1990ರ ಸುಮಾರಿಗೆ ಪಾಠ ಶುರು ಮಾಡಿದವರಿಗೆ ಇದು ಮೂಲೆಯ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆ, 1970ರ ಪೇಟೆಂಟ್ ಕಾಯ್ದೆ, ಟ್ರೇಡ್‌ಮಾರ್ಕ್. ಮುಗಿಯಿತು.

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಬಂತು. ಅದೇ ವರ್ಷ ಅಮೆರಿಕದಲ್ಲಿ ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ ಪೇಟೆಂಟ್ ಕೊಟ್ಟರು. ಕೇಂದ್ರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೆ ಗ್ರಂಥಗಳ ದಾಖಲೆ ತೋರಿಸಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ದೇಶಕ್ಕೆಲ್ಲ ಈ ವಿಷಯ ಗೊತ್ತಾಗಿದ್ದು ಆಗ. ಮುಂದಿನ ಹತ್ತು ವರ್ಷದಲ್ಲಿ ಭೌಗೋಳಿಕ ಸೂಚಕ (ಊರಿನ ಹೆಸರಿನಿಂದ ಗುರುತಾಗುವ ಸರಕಿಗೆ ಸಿಗುವ ರಕ್ಷಣೆ), ಡಿಸೈನ್, ಸಸ್ಯ ತಳಿ, ಜೀವವೈವಿಧ್ಯ ಎಂದು ಕಾಯ್ದೆಗಳ ಸಾಲೇ ಬಂತು. 2005ರಲ್ಲಿ ತಯಾರಿಯ ವಿಧಾನಕ್ಕಷ್ಟೇ ಅಲ್ಲದೆ ಔಷಧಕ್ಕೇ ಉತ್ಪನ್ನ ಪೇಟೆಂಟ್ ಬಂತು, 2013ರಲ್ಲಿ ಕ್ಯಾನ್ಸರ್ ಔಷಧವೊಂದಕ್ಕೆ ಪೇಟೆಂಟ್ ನಿರಾಕರಿಸಿದ ಸುಪ್ರೀಂ ಕೋರ್ಟಿನ ನೊವಾರ್ಟಿಸ್ ತೀರ್ಪು ಬಂತು. ಪಾಠ ಮಾಡುವವರಿಗೆ ಅದು ಸುಗ್ಗಿಯ ಕಾಲ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಐಪಿಆರ್ (ಬೌದ್ಧಿಕ ಆಸ್ತಿ ಹಕ್ಕು) ಪೀಠಗಳೂ ಆದವು.

ಈಗಿನ ಘಟ್ಟ ಬೇರೆ. ಮಂಗಳೂರಿನಲ್ಲೂ ಉಡುಪಿಯಲ್ಲೂ ಹಳೆಯ ಕಾನೂನು ಕಾಲೇಜುಗಳಿವೆ, ಐಪಿಆರ್ ಪಾಠವೂ ಇದೆ. ಆದರೆ ಎಂಜಿನಿಯರಿಂಗ್ ಕಾಲೇಜಿಗೆ ಕಾನೂನು ಪ್ರಾಧ್ಯಾಪಕರು ಬೇಕಾಗುವುದು ಏಪ್ರಿಲ್ 26ರ ವಿಶ್ವ ಬೌದ್ಧಿಕ ಆಸ್ತಿ ದಿನಕ್ಕೆ. ಒಂದು ಗಂಟೆಯ ಭಾಷಣ, ಶಾಲು, ಫೋಟೊ. ಐಪಿಆರ್ ಕಾರ್ಯಾಗಾರ ಎಷ್ಟು ಮಾಡಿದಿರಿ ಎಂದು ನ್ಯಾಕ್ ಕೇಳುತ್ತದೆ, ಅದಕ್ಕೆ ಕಾರ್ಯಾಗಾರ. ಅರ್ಜಿಯ ಕ್ಲೇಮ್ ಓದಿ ‘ಇದನ್ನು ಈಗ ಹಾಕಬೇಡಿ’ ಅನ್ನುವ ಕೆಲಸಕ್ಕೆ ಅವರನ್ನು ಯಾರೂ ಕರೆಯುವುದಿಲ್ಲ.

ಇದಕ್ಕೆ ಕಾನೂನಿನದೇ ಒಂದು ಕಾರಣವೂ ಇದೆ. ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆಯಲು ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಬೇಕು. ಬಿಎ ಎಲ್‌ಎಲ್‌ಬಿ ಓದಿದವರು ಅದಕ್ಕೆ ಕೂರುವಂತಿಲ್ಲ. ಹಾಗಾಗಿ ಕಾಯ್ದೆ ಬಲ್ಲವರಿಗೆ ಯಂತ್ರ ಗೊತ್ತಿಲ್ಲ, ಯಂತ್ರ ಬಲ್ಲವರಿಗೆ ಕಾಯ್ದೆ ಗೊತ್ತಿಲ್ಲ. ನಡುವಿನ ಜಾಗವನ್ನು ಪ್ಯಾಕೇಜ್ ಮಾರುವ ಏಜೆನ್ಸಿಗಳು ತುಂಬಿಸಿವೆ. ಒಂದೇ ಊರಿನಲ್ಲಿ, ಎಷ್ಟೋ ಸಲ ಒಂದೇ ಆಡಳಿತ ಮಂಡಳಿಯ ಕೆಳಗೆ ಎರಡೂ ಕಾಲೇಜು ಇದ್ದೂ ಹೀಗಾಗುತ್ತಿರುವುದು ಸಿಟ್ಟು ಬರಿಸುವ ಸಂಗತಿ.

ಗುಳ್ಳ, ಯಕ್ಷಗಾನ: ಪಟ್ಟಿಗೆ ಬಾರದ ಹಕ್ಕುಗಳು

ಈ ಎಣಿಕೆಯ ಗಲಾಟೆಯಲ್ಲಿ ಮರೆತುಹೋಗುವ ಮಾತೊಂದಿದೆ. ಉಡುಪಿಗೆ ಸಂಬಂಧಿಸಿದ ದೊಡ್ಡ ಬೌದ್ಧಿಕ ಆಸ್ತಿ ಪ್ರಶ್ನೆಗಳು ಪೇಟೆಂಟಿನವಲ್ಲ.

ಕಟಪಾಡಿ ಹತ್ತಿರದ ಮಟ್ಟುವಿನ ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಅದು ಒಬ್ಬ ಪ್ರೊಫೆಸರ್ ಹೆಸರಿಗೆ ಬರುವಂಥದ್ದಲ್ಲ, ಬೆಳೆಗಾರರೆಲ್ಲರದ್ದು. ಅದಕ್ಕೂ ಮುಂಚೆ ಕುಲಾಂತರಿ ಬಿಟಿ ಬದನೆ ವಿವಾದದಲ್ಲಿ ಉಡುಪಿ ಗುಳ್ಳವೂ ಸಿಕ್ಕಿಕೊಂಡಿತ್ತು. ಸ್ಥಳೀಯ ತಳಿ ಬಳಸುವ ಮೊದಲು ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಪಡೆದಿಲ್ಲ ಎಂಬ ದೂರು 2010ರಲ್ಲಿ ದೊಡ್ಡ ಚರ್ಚೆಯಾಯಿತು.

ಇನ್ನೊಂದು ಯಕ್ಷಗಾನದ ಮೊಕದ್ದಮೆ. ಕೋಟ ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕು ಯಾರದ್ದು ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2009ರ ಜನವರಿಯಲ್ಲಿ ತೀರ್ಪು ಬಂತು. ಅವರು ಸಂಯೋಜಿಸಿದ ಆ ಹೊಸ ರೂಪ ನಾಟಕ ಕೃತಿಯಾಗಿ ರಕ್ಷಣೆಗೆ ಅರ್ಹ, ಉಯಿಲಿನ ಮೂಲಕ ಹಕ್ಕು ವರ್ಗವಾಗಿದೆ ಎಂದು ಕೋರ್ಟ್ ಒಪ್ಪಿತು. ಜೊತೆಗೆ, ಶಿಕ್ಷಣ ಸಂಸ್ಥೆಗಳು ತಮ್ಮ ವಿದ್ಯಾರ್ಥಿಗಳು, ಸಿಬ್ಬಂದಿಯ ಎದುರು ಪ್ರದರ್ಶಿಸಲು ಕಾಯ್ದೆಯಲ್ಲಿರುವ ವಿನಾಯಿತಿ ಉಳಿಯುತ್ತದೆ ಎಂದೂ ಹೇಳಿತು. ಕಾರಂತರು ತೀರಿಕೊಂಡದ್ದು 1997ರಲ್ಲಿ. ಕೃತಿಸ್ವಾಮ್ಯ 60 ವರ್ಷ, ಅಂದರೆ 2057ರ ಕೊನೆಯವರೆಗೆ. ಮೇಳಗಳ ಆಟವೆಲ್ಲ ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗುವ ಈ ಕಾಲದಲ್ಲಿ ಭಾಗವತರ ಹಕ್ಕು ಎಷ್ಟು, ಕಲಾವಿದರದ್ದು ಎಷ್ಟು, ಪ್ರಸಂಗಕರ್ತರದ್ದು ಎಷ್ಟು ಎಂದು ಕೂತು ಅಧ್ಯಯನ ಮಾಡಿದರೆ ಊರಿಗೆ ಉಪಕಾರವಾದೀತು. ಅದಕ್ಕೆ ರ್‍ಯಾಂಕಿಂಗಿನ ಪೇಟೆಂಟ್ ಕಾಲಂನಲ್ಲಿ ಅಂಕ ಇಲ್ಲ.

ಮುಂದೆ ಏನಾಗಬಹುದು?

ಪ್ರಕಟಣೆಗೆ ಅಂಕ ಕೊಡುವುದನ್ನು ನಿಲ್ಲಿಸಿದರೆ ಈ ಅವಸರ ಒಂದೆರಡು ವರ್ಷದಲ್ಲಿ ತಣ್ಣಗಾಗುತ್ತದೆ. ಆದರೆ ಮಂಜೂರಾತಿಗೆ ವರ್ಷಗಳೇ ಬೇಕಾಗುವುದರಿಂದ ಹೊಸ, ಪ್ರಾಮಾಣಿಕ ಪ್ರಯೋಗಾಲಯಗಳಿಗೆ ತೋರಿಸಲು ಏನೂ ಇರುವುದಿಲ್ಲ, ಆ ಆಕ್ಷೇಪವೂ ನಿಜ. ನಡುವಿನ ದಾರಿ ಒಂದಿದೆ: ಪರೀಕ್ಷೆಗೆ ಕೋರಿಕೆ ಕೊಟ್ಟು, ಆಕ್ಷೇಪಕ್ಕೆ ಉತ್ತರ ಬರೆದ ಅರ್ಜಿಗಳನ್ನು ಮಾತ್ರ ಎಣಿಸುವುದು. ಉತ್ತರ ಬರೆಯಬೇಕೆಂದರೆ ಶೋಧಕರೂ ಬೇಕು, ಕಾಯ್ದೆ ಬಲ್ಲವರೂ ಬೇಕು. ಹೆಸರಿಗೆ ಸೇರಿಕೊಂಡ ಹತ್ತು ಮಂದಿ ಅಲ್ಲಿ ಉಳಿಯುವುದಿಲ್ಲ.

ನಿಯಮ ಬದಲಾಗದಿದ್ದರೂ ಒಂದು ಲೆಕ್ಕ ತಾನಾಗಿ ಹೊರಬರುತ್ತದೆ. 2024ರ ಮಾರ್ಚ್ 15ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಪರೀಕ್ಷೆ ಕೋರುವ ಗಡುವು 48 ತಿಂಗಳಿಂದ 31 ತಿಂಗಳಿಗೆ ಇಳಿದಿದೆ. 2024ರ ಜೂನ್‌ನಲ್ಲಿ ಹಾಕಿದ ಅರ್ಜಿಗೆ 2027ರ ಜನವರಿಯೇ ಗಡುವು. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಅರ್ಜಿಯ ಸಂಖ್ಯೆ ಹಾಕಿದರೆ ಅದರ ಸ್ಥಿತಿ ಯಾರಿಗೆ ಬೇಕಾದರೂ ಕಾಣುತ್ತದೆ, ಶುಲ್ಕ ಇಲ್ಲ. ಸುದ್ದಿಯಲ್ಲಿ ಆ ಸಂಖ್ಯೆ ಇಲ್ಲದಿದ್ದರೆ ಮೊದಲು ಅದನ್ನೇ ಕೇಳಬೇಕು. ಮಗಳನ್ನು ಕಾಲೇಜಿಗೆ ಸೇರಿಸಲು ಹೊರಟ ಅಪ್ಪ ಅಮ್ಮನೂ ಕೇಳಬಹುದು, ಅಭಿನಂದನೆಯ ಸುದ್ದಿ ಅಚ್ಚು ಹಾಕುವ ಮುಂಚೆ ವರದಿಗಾರರೂ ಕೇಳಬಹುದು.